ಬೆನ್ನು ನೆಲಕ್ಕೆ ತಾಕಿದ ಮೇಲೆ

ಗೆಳೆಯಾ,

ನಿನ್ನ ತಮ್ಮ ಕುಸ್ತಿ ಬಿಟ್ಟು ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಕಾಳಗದ ಆಟ, ಅಂತ ಹಟ ಹಿಡಿದಿದ್ದಾನೆ, ಸ್ವಲ್ಪ ಬುದ್ಧಿ ಹೇಳು ಅಂತ ನೀನು ಅಂದಿದ್ದೆ. ಭಾನುವಾರ ಬೆಳಿಗ್ಗೆ ಕೌಲ್ ಬಜಾರಿಗೆ ಕರೆದು ಒಗ್ಗರಣೆ, ಮಿರ್ಚಿ ಹೇಳಿದೆ. ಹುಡುಗ ಮುಟ್ಟಲಿಲ್ಲ. ತೂಕ ಇಳಿಸುತ್ತಿದ್ದಾನಂತೆ. ಎರಡೂ ಪ್ಲೇಟ್ ನಾನೇ ಮುಗಿಸಿದೆ.

ಸಂಜೆ ಅವನ ಜಿಮ್‌ಗೆ ಹೋದೆ. ಎದುರಾಳಿಯ ಕಾಲು ಹಿಡಿದು ಎತ್ತಿ ಕೆಡವಿದ ನೋಡು, ಥೇಟ್ ನಮ್ಮ ಗರಡಿಯ ಪಟ್ಟು. ನಾನು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ! ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಕಿದರೆ ಆಟ ಮುಗೀತು. ಅಲ್ಲಿ ಶುರುವಾಗೋದೇ ಆಮೇಲೆ. ಕೆಳಗಿದ್ದವನು ಕಾಲಲ್ಲಿ ಸೊಂಟ ಸುತ್ತಿ ಉರುಳಿಸಿದ. ಚಿತ್ ಆಗಬಾರದು ಅನ್ನೋ ಹಳೇ ಅಭ್ಯಾಸಕ್ಕೆ ನಿನ್ನ ತಮ್ಮ ಬೋರಲು ತಿರುಗಿದ. ಅಷ್ಟೇ. ಎದುರಾಳಿ ಬೆನ್ನೇರಿ ಕುತ್ತಿಗೆಗೆ ತೋಳು ಹಾಕಿ ಬಿಗಿದ. ನಿನ್ನ ತಮ್ಮ ಮ್ಯಾಟ್ ತಟ್ಟಿ ಸೋಲೊಪ್ಪಿದ. ತಟ್ಟದಿದ್ದರೆ ಪ್ರಜ್ಞೆಯೇ ಹೋಗುತ್ತದೆ. ಇಷ್ಟು ವರ್ಷ ಯಾವುದು ಕಾಪಾಡಿತ್ತೋ ಅದೇ ಇಲ್ಲಿ ಕೊರಳಿಗೆ ಬಂತು.

ಪೂಜಾ ತೋಮರ್ ಪಂದ್ಯವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದಾನೆ. 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ, ಅಂದರೆ ಎಂಎಂಎ ಪಂದ್ಯ ನಡೆಸೋ ದೊಡ್ಡ ಅಮೆರಿಕನ್ ಸಂಸ್ಥೆಯಲ್ಲಿ, ಗೆದ್ದ ಮೊದಲ ಭಾರತೀಯಳು. ಐದೈದು ನಿಮಿಷದ ಮೂರು ಸುತ್ತು, ತೀರ್ಪುಗಾರರಲ್ಲೇ ಒಮ್ಮತ ಇರಲಿಲ್ಲ. ನಾನು ಇನ್ನೊಬ್ಬ ಭಾರತೀಯ ಎಂಎಂಎ ಪಟು ಅನ್ಶುಲ್ ಜುಬ್ಲಿ ಕಥೆ ತೆಗೆದೆ. 2023ರಲ್ಲಿ ಟೂರ್ನಿ ಗೆದ್ದು ಯುಎಫ್‌ಸಿ ಒಪ್ಪಂದ ಪಡೆದ. ಅದೇ ವರ್ಷ ಸೋತ. 2025ರ ಫೆಬ್ರವರಿಯಲ್ಲಿ ಬರೀ 19 ಸೆಕೆಂಡಿಗೆ ನೆಲಕ್ಕೆ ಬಿದ್ದ. ತಿಂಗಳುಗಟ್ಟಲೆ ತಾಲೀಮು, 19 ಸೆಕೆಂಡು! ನಿನ್ನ ತಮ್ಮ, 'ಗೊತ್ತಣ್ಣ' ಅಂದ.

ಕುಸ್ತಿಯಾದರೆ ರೈಲ್ವೆ, ಪೊಲೀಸ್ ಅಂತ ಕ್ರೀಡಾ ಕೋಟಾ ಇದೆ, ಇದು ಒಲಿಂಪಿಕ್ಸ್‌ನಲ್ಲೇ ಇಲ್ಲ ಅಂತ ನಿಮ್ಮಪ್ಪ ಬೈಯೋದರಲ್ಲಿ ತಪ್ಪಿಲ್ಲ. ಅದನ್ನೂ ಹೇಳಿದೆ.

ನನಗೆ ಹೆದರಿಕೆ ಇರೋದು ಏಟಿಗಲ್ಲ, ತೂಕಕ್ಕೆ. ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಅಷ್ಟರೊಳಗೆ ಮೈಯಲ್ಲಿನ ನೀರು ಬಸಿದು ಒಂದೆರಡು ಕೆಜಿ ಇಳಿಸಬೇಕು. ನೆನಪಿದೆಯಾ, ತಾಲೂಕು ಪಂದ್ಯಕ್ಕೆ ನಾನು ಎರಡು ಸ್ವೆಟರ್ ಹಾಕಿ ಮೇ ಬಿಸಿಲಲ್ಲಿ ಓಡಿದ್ದು? ತೂಕ ಸರಿ ಬಂತು, ತಕ್ಕಡಿಯಿಂದ ಇಳಿದವನು ಅಲ್ಲೇ ಕುಸಿದೆ. ನೀನೇ ತಾನೇ ಮುಖಕ್ಕೆ ಸೋಡಾ ಎರಚಿದ್ದು. ಬಳ್ಳಾರಿ ಬಿಸಿಲು ಈಗಲೂ ಅದೇ ಬಿಸಿಲು.

ಹೊರಡುವಾಗ ತಿರುಗಿ ನೋಡಿದೆ. ಎಲ್ಲರೂ ಹೋಗಿದ್ದರು. ಅವನೊಬ್ಬನೇ ಅಂಗಾತ ಮಲಗಿ, ಸೊಂಟ ಎತ್ತಿ ಎತ್ತಿ ಹಿಂದಕ್ಕೆ ಸರಿಯುತ್ತಿದ್ದ. ಗರಡಿಯಲ್ಲಿ ಯಾರಾದರೂ ಹಾಗೆ ಮಲಗಿದ್ದರೆ ಉಸ್ತಾದರು ಒದ್ದು ಎಬ್ಬಿಸುತ್ತಿದ್ದರು, ಅಲ್ವಾ?

ಅಪ್ಪನ ಹತ್ತಿರ ನಾನು ಮಾತಾಡುತ್ತೀನಿ. ನೀನು ಒಂದು ಒಳ್ಳೇ ತೂಕದ ಮೆಷಿನ್ ಕಳಿಸು. ಅದು ನನ್ನ ಅಂಗಡಿಯಲ್ಲೇ ಇರಲಿ, ಅವನ ಕೈಗೆ ಬೇಡ.

ನಿನ್ನ ಗೆಳೆಯ