ಎರಡೇ ನಿಮಿಷದ ಸೀನನಿಗೆ

ಸೀನ,

ನೀನು ಕಳಿಸಿದ ವಿಡಿಯೊ ನೋಡಿದೆ, ಬೆಂಗಳೂರಲ್ಲಿ ತಪ್ಪಾಗಿ ನಿಲ್ಲಿಸಿದ ಗಾಡಿಯ ಫೋಟೊ ತೆಗೀತಿದ್ದ ಟ್ರಾಫಿಕ್ ಕಾನ್‌ಸ್ಟೆಬಲ್‌ಗೆ ಬೈಯೋದು. ಉತ್ತರ ಇಲ್ಲೇ ಹಾಕ್ತಿದ್ದೀನಿ, ನಿನ್ನ ಥರದವರು ಇನ್ನೂ ನಾಲ್ಕು ಜನ ಓದಲಿ ಅಂತ.

ಆ ಟ್ರಾಫಿಕ್ ಕಾನ್‌ಸ್ಟೆಬಲ್ ಹಿಂದಕ್ಕೆ ಸರಿದದ್ದನ್ನ ‘ಮಾಮ ಹೆದರಿ ಓಡಿದ’ ಅಂದೆ. ಓಡಿದ್ದಲ್ಲ ಕಣೋ. ಬರೀ ನಂಬರ್ ಪ್ಲೇಟ್ ಹಿಡಿದರೆ ಆ ಫೋಟೊಗೆ ಬೆಲೆಯಿಲ್ಲ. ಪ್ಲೇಟಿನ ಜೊತೆ ನೋ ಪಾರ್ಕಿಂಗ್ ಬೋರ್ಡೋ ಫುಟ್‌ಪಾತಿನ ಅಂಚೋ ಕಾಣಬೇಕು. ಅದಕ್ಕೆ ರಸ್ತೆಗೇ ಇಳೀಬೇಕು. ಎರಡೂ ಕೈ ಮೊಬೈಲ್ ಮೇಲೆ, ಬೆನ್ನ ಹಿಂದೆ ಬಿಎಂಟಿಸಿ. ಗಾಡಿಯವನು ದರ್ಶಿನಿಯಿಂದ ಕಾಫಿ ಲೋಟದ ಸಮೇತ ಓಡಿ ಬರೋದು ಸರಿಯಾಗಿ ಆಗಲೇ. ಮೊದಲು ‘ಎರಡೇ ನಿಮಿಷ ಸಾರ್’, ಆಮೇಲೆ ‘ಏನು, ಟಾರ್ಗೆಟ್ಟಾ?’, ಆಮೇಲೆ ‘ಕಳ್ಳ ನನ್ಮಗ’. ದಂಡ ಎಷ್ಟು ಅನ್ನೋದು ಸರ್ಕಾರದ ಅಧಿಸೂಚನೆ. ಬೋರ್ಡಿಗೆ ಕೊಂಬೆ ಅಡ್ಡ ಬೆಳೆದಿದ್ದರೆ ಕತ್ತರಿಸಬೇಕಾದವರು ಬೇರೆ. ಬೈಗುಳ ಮಾತ್ರ ಈ ಕಾನ್‌ಸ್ಟೆಬಲ್‌ಗೆ.

ಟೋಯಿಂಗ್, ಅಂದ್ರೆ ತಪ್ಪಾಗಿ ನಿಂತ ಗಾಡೀನ ಎತ್ತಿಕೊಂಡು ಹೋಗೋದರ ಮೇಲಿದ್ದ ಸಿಟ್ಟು ಬೇರೆ, ಅದರಲ್ಲಿ ನ್ಯಾಯ ಇತ್ತು. ರೂಲ್ ಪ್ರಕಾರ ಎತ್ತೋಕೆ ಮುಂಚೆ ಮೈಕಲ್ಲಿ ನಂಬರ್ ಕೂಗಬೇಕಿತ್ತು, ಫೋಟೊ ತೆಗೀಬೇಕಿತ್ತು, ಟೋಯಿಂಗ್ ಗಾಡೀಲಿ ಪೊಲೀಸ್ ಎಎಸ್‌ಐ ಇರಬೇಕಿತ್ತು. ಆದರೆ ಗುತ್ತಿಗೆದಾರನಿಗೆ ದುಡ್ಡು ಎತ್ತಿದ ಗಾಡಿಯ ಲೆಕ್ಕದಲ್ಲಿ. ಹಾಗಾಗಿ ಮೈಕ್ ಮರೆತುಹೋಗ್ತಿತ್ತು, ಕಾರಿಗಿಂತ ಸ್ಕೂಟರ್ ಮೇಲೆ ಕಣ್ಣು ಬೀಳ್ತಿತ್ತು. ಹ್ಯಾಂಡಲ್ ಲಾಕ್ ಮಾಡಿದ ಬೈಕನ್ನೂ ಹಾಗೇ ಎಳೆದು ಎತ್ತಿ ಹಾಕಿದರೆ ಕ್ಲಚ್ ಲಿವರ್ ಉಳಿಯುತ್ತಾ? 2022ರ ಫೆಬ್ರುವರಿಯಲ್ಲಿ ಅದು ನಿಂತಿತು. ಬಾಕಿ ಸಿಟ್ಟನ್ನ ಈಗ ಫೋಟೊ ತೆಗೆಯೋನ ಹತ್ರ ವಸೂಲಿ ಮಾಡ್ತಿದ್ದೀವಿ.

ಇಷ್ಟೆಲ್ಲ ಗೊತ್ತಿದ್ದೂ ಆ ವಿಡಿಯೊ ನನಗೆ ಮಜಾ ಕೊಡ್ತು, ಸೀನ. ಕಟ್ಟಡದ ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸಿ ಬೇಸ್‌ಮೆಂಟಲ್ಲಿ ಅಂಗಡಿ ಬಾಡಿಗೆಗೆ ಬಿಟ್ಟವನ ಮುಂದೆ ನಮಗೆ ಬಾಯಿ ಬರಲ್ಲ. ಕಾನ್‌ಸ್ಟೆಬಲ್ ತಿರುಗಿ ಬೈದರೆ ಅದೇ ವಿಡಿಯೊ ಆತನ ಕೆಲಸಕ್ಕೆ ಕುತ್ತು. ಬೈಯೋರಿಗೆ ಅದು ಗೊತ್ತು, ನೋಡೋ ನನಗೂ ಗೊತ್ತು. ಆತ ಉಗುಳು ನುಂಗಿಕೊಂಡು ನಿಂತದ್ದೇ ನನಗೆ ರುಚಿಸಿದ್ದು ಅನ್ಸುತ್ತೆ. ಇದನ್ನ ಬರೆಯೋ ಉದ್ದೇಶ ಇರಲಿಲ್ಲ.

ಆಯ್ತು, ಹರಿಕಥೆ ಮುಗೀತು, ತಟ್ಟೆಗೆ ದಕ್ಷಿಣೆ ಹಾಕು.

ನಿನಗೆ ಬಂದಿರೋ ದಂಡದ ಚಲನ್ ವಿಷಯ: ದುಡ್ಡು ಕಟ್ಟೋಕೆ ಮುಂಚೆ ಫೋಟೊ ತೆರೆದು ನೋಡು. ಪ್ಲೇಟಿನ ಒಂದು ಅಂಕಿ ತಪ್ಪಿದ್ದರೂ, ಫುಟ್‌ಪಾತೂ ಅಲ್ಲದ, ಬೋರ್ಡೂ ಇಲ್ಲದ ಜಾಗವಾಗಿದ್ದರೂ ಆರ್‌ಸಿ, ಜಾಗದ ಫೋಟೊ ಹಿಡಿದು ಟ್ರಾಫಿಕ್ ಠಾಣೆಗೆ ಹೋಗು. ಕಟ್ಟಿದ ಮೇಲೆ ವಾದ ಮಾಡೋದು ಕಷ್ಟ. ಫೋಟೊ ಸರಿಯಿದ್ದರೆ ಸುಮ್ಮನೆ ಕಟ್ಟು. 2023ರಲ್ಲಿ, 2025ರಲ್ಲಿ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಬಂದಾಗ ‘ಹಗಲು ದರೋಡೆ’ ಅಂತಿದ್ದೋರೇ ಸಾಲಲ್ಲಿ ನಿಂತರು, ನಿಮ್ಮ ಭಾವನೂ ಸೇರಿ. ಅದನ್ನೇ ಕಾಯ್ತಾ ಕೂತ್ಕೋಬೇಡ.

ಭಾನುವಾರ ಮೆಟ್ರೊದಲ್ಲಿ ಬಾ, ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿ. ಗಾಡಿ ತಂದರೆ ದೋಸೆ ಬಿಲ್ಲು ನಿಂದೇ.

ಇಂತಿ ನಿನ್ನ,
ಕುಳ್ಳ