ಮ್ಯಾಕ್ ಮೂಲೆಗೆ ಇಡುವ ಮೊದಲು ನೆರಳು ಇಳಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಕಂಪ್ಯೂಟರ್ ಪ್ರಶ್ನೋತ್ತರದಲ್ಲಿ ಓದುಗರೊಬ್ಬರು, ತಮ್ಮ ಮ್ಯಾಕ್‌ಬುಕ್ ಏರ್‌ನಲ್ಲಿ ಆನ್‌ಲೈನ್ ಆಟ ತಡೆದು ತಡೆದು ಓಡುತ್ತದೆ, ಏನು ಮಾಡಲಿ ಎಂದು ಕೇಳಿದ್ದರು. ಉತ್ತರ ಎರಡೇ ಸಾಲು. ಮ್ಯಾಕ್ ಇರುವುದು ಆಟಕ್ಕಲ್ಲ, ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಿ ಅಂತ. ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು. ಏರು ಹತ್ತುವಾಗ ಬಸ್ಸು ಎಳೆಯುತ್ತಿಲ್ಲ ಅಂದ ಡ್ರೈವರಿಗೆ ‘ಬೇರೆ ಬಸ್ಸು ತಗೊಳ್ಳಿ’ ಅನ್ನುವ ಮೆಕ್ಯಾನಿಕ್‌ನನ್ನು ನಮ್ಮ ಕಾಲದಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ನಾನು ಬಸ್ ವರ್ಕ್‌ಶಾಪ್‌ನಲ್ಲಿ 31 ವರ್ಷ ಸ್ಪ್ಯಾನರ್ ಹಿಡಿದವನು. ಈಗ ಮಂಡ್ಯದ ಗುತ್ತಲಿನಲ್ಲಿ ಮನೆ, ಪೆನ್ಷನ್, ನಾಲ್ಕು ತೆಂಗಿನ ಮರ. ಮಗಳು ಸಿಡ್ನಿಯಲ್ಲಿದ್ದಾಳೆ. ಹೋಗುವಾಗ ತನ್ನ ಮ್ಯಾಕ್‌ಬುಕ್ ಏರ್ ನನಗೆ ಬಿಟ್ಟು ಹೋದಳು. 2020ರದ್ದು, ಆಪಲ್‌ನ ಎಂ1 ಚಿಪ್ಪು, 8 ಜಿಬಿ ಮೆಮೊರಿ. ವಿಡಿಯೋ ಕಾಲ್‌ನಲ್ಲಿ ‘ಊಟ ಆಯ್ತಾ, ಮಳೆ ಬಂತಾ’ ಮುಗಿದರೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಅದಕ್ಕೆ ಅವಳೇ ಉಪಾಯ ಮಾಡಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟ ಹಾಕಿಸಿಕೊಟ್ಟಳು. ನನಗೆ ಸಂಜೆ ಐದು ಅಂದರೆ ಅವಳಿಗೆ ರಾತ್ರಿ ಒಂಬತ್ತೂವರೆ. ದಿನಾ ಒಂದು ಗಂಟೆ ಆಡುತ್ತೇವೆ. ಕತ್ತಿ ಹಿಡಿದು ಓಡಾಡುವುದು ಕಡಿಮೆ. ಆಟದೊಳಗೆ ಒಂದು ಕೆರೆ ದಂಡೆ ನೋಡಿಕೊಂಡು ಇಬ್ಬರೂ ಮೀನು ಹಿಡಿಯುತ್ತ ಕೂರುತ್ತೇವೆ. ಗಾಳ ಹಾಕಿ ಕೂತರೆ ಮಾತು ತಾನಾಗಿ ಬರುತ್ತದೆ.

ಮ್ಯಾಕ್ ಆಟಕ್ಕಲ್ಲ ಎಂಬ ಮಾತಿನಲ್ಲಿ ಅರ್ಧ ನಿಜ ಇದೆ, ಒಪ್ಪುತ್ತೇನೆ. ವಿಂಡೋಸ್‌ಗೆ ಬರುವ ಎಷ್ಟೋ ಆಟ ಮ್ಯಾಕ್‌ಗೆ ಬರುವುದೇ ಇಲ್ಲ. 2019ರಲ್ಲಿ ಮ್ಯಾಕ್‌ನ ಸಿಸ್ಟಮ್ ಸಾಫ್ಟ್‌ವೇರ್‌ನ ಕ್ಯಾಟಲಿನಾ ಆವೃತ್ತಿ ಬಂದಾಗ ಹಳೆಯ 32 ಬಿಟ್ ಆಟಗಳೆಲ್ಲ ಒಂದೇ ಏಟಿಗೆ ನಿಂತುಹೋದವು. ಎಂ1 ಬಂದ ಮೇಲೆ ಬೂಟ್ ಕ್ಯಾಂಪ್‌ನಲ್ಲಿ ವಿಂಡೋಸ್ ಹಾಕಿಕೊಳ್ಳುವ ದಾರಿಯೂ ಮುಚ್ಚಿತು. ಆದರೆ ನಾವು ಆಡುವ ಆಟ 2004ರಲ್ಲಿ ಬಂದ ದಿನದಿಂದಲೂ ಮ್ಯಾಕ್‌ನಲ್ಲಿದೆ. ಎಂ1 ಯಂತ್ರ ಮಾರುಕಟ್ಟೆಗೆ ಬಂದ 2020ರ ನವೆಂಬರ್‌ನಲ್ಲೇ ಅದಕ್ಕೆ ಹೊಂದುವ ಹಾಗೆ ಆಟವನ್ನೂ ಸಿದ್ಧ ಮಾಡಿದ್ದರು. ಹಾಗಾಗಿ ಮೊದಲು ಕೇಳಬೇಕಾದದ್ದು ‘ಯಾವ ಆಟ’ ಅಂತ. ನಿಮ್ಮ ಅಂಕಣದವರು ಅದನ್ನೇ ಕೇಳಲಿಲ್ಲ.

ನನಗೂ ಇದೇ ತೊಂದರೆ ಬಂದಿತ್ತು. ಮೀನು ಕಚ್ಚಿದಾಗ ಬೆಂಡು ಒಂದು ಕ್ಷಣ ಮುಳುಗುತ್ತದೆ, ಆಗಲೇ ಒತ್ತಬೇಕು. ನನ್ನ ಪರದೆಯಲ್ಲಿ ಬೆಂಡು ಮುಳುಗಿದ್ದು ಕಾಣುವ ಹೊತ್ತಿಗೆ ಮೀನು ಹೋಗಿರುತ್ತಿತ್ತು. ಮಗಳು ಅಲ್ಲಿಂದ ನಗುತ್ತಿದ್ದಳು. ಮೈಸೂರಿನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಹುಡುಗ ಮುಚ್ಚಳ ಕೂಡ ತೆಗೆಯದೆ ‘ಅಂಕಲ್, ಬೋರ್ಡ್ ವೀಕ್ ಆಗಿದೆ, 32 ಸಾವಿರ ಆಗುತ್ತೆ’ ಅಂದ. ಯೋಚನೆ ಮಾಡ್ತೀನಿ ಅಂತ ವಾಪಸ್ ಬಸ್ಸು ಹತ್ತಿದೆ. ಶ್ರೀರಂಗಪಟ್ಟಣ ದಾಟುವಾಗ ಹೊಳೆಯಿತು. ಈ ಯಂತ್ರ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಸೋಲುತ್ತದೆ. ಬೋರ್ಡ್ ಕೆಟ್ಟಿದ್ದರೆ ಗಡಿಯಾರ ನೋಡಿಕೊಂಡು ಕೆಡುತ್ತದಾ?

ಊಟಿ ರೂಟಿನ ಗಾಡಿಗಳಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ! ಬಯಲಲ್ಲಿ ಕುದುರೆ ಹಾಗೆ ಓಡುವ ಗಾಡಿ ಘಾಟಿಯಲ್ಲಿ ಕಾದು ಕೂರುತ್ತದೆ. ಎಂ1 ಏರ್‌ನಲ್ಲಿ ಫ್ಯಾನೇ ಇಲ್ಲ. ಒಳಗಿನ ಚಿಪ್ಪಿನ ಬಿಸಿ ಅಲ್ಯೂಮಿನಿಯಂ ಮೈಯಿಂದಲೇ ಹೊರಗೆ ಹೋಗಬೇಕು. ಬಿಸಿ ಮಿತಿ ಮೀರಿದರೆ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದು ರೋಗ ಅಲ್ಲ, ಜಾಣತನ. ನಾನೋ, ಏಪ್ರಿಲ್ ತಿಂಗಳ ಮಂಡ್ಯ ಸೆಕೆಯಲ್ಲಿ ಅದನ್ನು ಹತ್ತಿ ಹಾಸಿಗೆ ಮೇಲೆ ಇಟ್ಟುಕೊಂಡು ಆಡುತ್ತಿದ್ದೆ. ಅಡುಗೆಮನೆಯಿಂದ ಹಪ್ಪಳ ಸುಡುವ ಜಾಲರಿ ತಂದು ಮೇಜಿನ ಮೇಲೆ ಹಾಕಿ, ಅದರ ಮೇಲಿಟ್ಟೆ. ಮನೆಯವರು ಒಂದು ವಾರ ಮಾತು ಬಿಟ್ಟರು.

ಆಮೇಲೆ ಲಾಗ್‌ಬುಕ್ ತೆರೆದೆ. ವರ್ಕ್‌ಶಾಪ್ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ನಟ್ಟು ತಿರುಗಿಸು, ಟ್ರಯಲ್ ಹೊಡಿ, ಬರೆದಿಡು. ನಾಲ್ಕು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಟ್ರಯಲ್ ಜಾಗ ಆಟದೊಳಗಿನ ಸ್ಟಾರ್ಮ್‌ವಿಂಡ್ ಊರಿನ ಹರಾಜುಕಟ್ಟೆ. ನಮ್ಮ ಬೆಲ್ಲದ ಮಾರ್ಕೆಟ್ ಇದ್ದ ಹಾಗೆ, ಯಾವಾಗಲೂ ಜನ. ಅಲ್ಲಿ ಕಾಲು ಗಂಟೆ ನಿಂತು, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅಂತ ನೋಡುವುದು. ಮೊದಲ ದಿನದ ಲೆಕ್ಕ 18.

ಆ ಪರದೆಯಲ್ಲಿ ಅಡ್ಡ 2560, ಉದ್ದ 1600 ಚುಕ್ಕಿ ಇವೆ. ಹತ್ತಿರ ಹತ್ತಿರ 41 ಲಕ್ಷ. ಪ್ರತಿ ಚಿತ್ರಕ್ಕೂ ಅಷ್ಟನ್ನೂ ಬಣ್ಣ ಹಚ್ಚಬೇಕು. ಆಟದ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ರೆಂಡರ್ ಸ್ಕೇಲ್ ಅಂತ ಒಂದಿದೆ. ಅದನ್ನು ಶೇಕಡ 60ಕ್ಕೆ ಇಳಿಸಿದರೆ ಅಡ್ಡಕ್ಕೂ 60, ಉದ್ದಕ್ಕೂ 60. ಗುಣಿಸಿ ನೋಡಿ, ಕೆಲಸ ಶೇಕಡ 36ಕ್ಕೆ ಬಂತು. ಸುಮಾರು 15 ಲಕ್ಷ ಚುಕ್ಕಿ. ಬೆಟ್ಟ, ಮರ ಸ್ವಲ್ಪ ಮಸುಕಾಗುತ್ತವೆ, ಆದರೆ ಅಕ್ಷರ, ಬಟನ್ನುಗಳು ಮೊದಲಿನಷ್ಟೇ ಚೂಪು. ನಾನು 70ಕ್ಕೆ ನಿಲ್ಲಿಸಿದೆ, ನನ್ನ ಕಣ್ಣಿಗಂತೂ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ನೆರಳು. ಇದು ದೊಡ್ಡ ಕಳ್ಳ. ನೆರಳು ಬರೆಯಬೇಕೆಂದರೆ ಬೆಳಕು ಬರುವ ಕಡೆಯಿಂದಲೂ ನೋಟವನ್ನು ಇನ್ನೊಂದು ಸಲ ಲೆಕ್ಕ ಹಾಕಬೇಕು. ಶ್ಯಾಡೋ ಕ್ವಾಲಿಟಿ ತಳಕ್ಕೆ ತಂದೆ. ಜನರ ಕಾಲಡಿ ಒಂದು ದುಂಡನೆ ಕಪ್ಪು ಉಳಿಯಿತು, ಸಾಕಲ್ವಾ? ದೂರದ ನೋಟ, ಹುಲ್ಲಿನ ದಟ್ಟಣೆ ಒಂದೊಂದು ಮೆಟ್ಟಿಲು ಇಳಿಸಿದೆ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಮಿತಿ 60 ಮಾಡಿದೆ. ಏರ್‌ನ ಪರದೆಯೇ ಸೆಕೆಂಡಿಗೆ 60 ಸಲ ಬದಲಾಗುವಂಥದ್ದು. ಅದಕ್ಕಿಂತ ಜಾಸ್ತಿ ಓಡಿಸಿದರೆ ಸುಮ್ನೆ ಬಿಸಿ. ಮುಂದೆ ಇನ್ನೂ ಇಳಿಸಿ 40 ಮಾಡಿದೆ. ಮೀನು ಹಿಡಿಯಲು 40 ಧಾರಾಳ, ಮೈಯೂ ತಣ್ಣಗಿರುತ್ತದೆ.

ನೀರು ಎಷ್ಟು ಚೆನ್ನಾಗಿ ಕಾಣಬೇಕು ಅನ್ನುವ ಲಿಕ್ವಿಡ್ ಡೀಟೇಲ್ ಮಾತ್ರ ಇಳಿಸಲಿಲ್ಲ. ಇಳಿಸು ಅಂತ ಮಗಳೂ ಹೇಳಿದಳು. ನೀರಿನ ವಿಷಯದಲ್ಲಿ ಮಂಡ್ಯದವನು ರಾಜಿ ಆಗಲ್ಲ ಅಂದೆ.

ಇಷ್ಟಾದರೂ ಹರಾಜುಕಟ್ಟೆಯಲ್ಲಿ ಆಗಾಗ ಜರ್ಕ್ ಹೊಡೆಯುತ್ತಿತ್ತು. ಅದು ಆಡ್‌ಆನ್ ಕಾಟ. ಆಟಕ್ಕೆ ಬೇರೆಯವರು ಬರೆದು ಸೇರಿಸುವ ಚಿಕ್ಕ ಚಿಕ್ಕ ಪ್ರೋಗ್ರಾಮ್‌ಗಳು ಇವು. ಲುವಾ ಎಂಬ ಭಾಷೆಯಲ್ಲಿರುತ್ತವೆ, ಇಂಟರ್‌ಫೇಸ್ ಫೋಲ್ಡರ್ ಒಳಗಿನ ಆಡ್‌ಆನ್ಸ್ ಫೋಲ್ಡರ್‌ನಲ್ಲಿ ಕೂರುತ್ತವೆ. ಮಗಳು ತಾನು ಆಡುತ್ತಿದ್ದ ಕಾಲದ್ದನ್ನೆಲ್ಲ ಹಾಗೇ ಬಿಟ್ಟಿದ್ದಳು. ಎಣಿಸಿದೆ, 43. ಬಸ್ಸಿನ ಟಾಪ್ ಮೇಲೆ ಸಂತೆ ಲಗೇಜು ಹೇರಿ, ಇಂಜಿನ್ನಿಗೆ ಬೈದ ಹಾಗಾಯಿತು ನನ್ನ ಕಥೆ. ಸುತ್ತ ಜನ ಜಾಸ್ತಿಯಾದಷ್ಟೂ ಇವು ಪ್ರತಿಯೊಬ್ಬನ ಲೆಕ್ಕ ಇಡುತ್ತ ಕೂರುತ್ತವೆ. ಖಾಲಿ ಕೆರೆ ದಂಡೆಯಲ್ಲಿ ತೊಂದರೆ ಕಾಣುವುದಿಲ್ಲ, ಮಾರ್ಕೆಟ್‌ನಲ್ಲಿ ಕಾಣುತ್ತದೆ.

ಫೋಲ್ಡರನ್ನು ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟೆ. ಆಮೇಲೆ 43ನ್ನೂ ಆಫ್ ಮಾಡಿದೆ. ಜರ್ಕ್ ಮಾಯ. ಅರ್ಧ ಆನ್ ಮಾಡಿದೆ, ಬಂತು. ಅದರಲ್ಲಿ ಅರ್ಧ ಆಫ್ ಮಾಡಿದೆ, ಹೋಯಿತು. ಹೀಗೆ ಅರೆ ಅರೆ ಮಾಡಿಕೊಂಡು ಹೋದರೆ ಐದಾರು ಸಲಕ್ಕೆ ಕಳ್ಳ ಸಿಗುತ್ತಾನೆ. ಸಿಕ್ಕಿದ್ದು ಹರಾಜಿನ ದರ ಎಲ್ಲ ಗುಡ್ಡೆ ಹಾಕುವ ಒಂದು ಹಳೇ ಆಡ್‌ಆನ್. ಆಟದ ಹೊಸ ಆವೃತ್ತಿಗೆ ಅದನ್ನು ಯಾರೂ ಸರಿಮಾಡಿರಲಿಲ್ಲ. ಈಗ ಆರು ಉಳಿಸಿದ್ದೇನೆ. ಬಟನ್ ಜೋಡಿಸಲು ಬಾರ್‌ಟೆಂಡರ್, ದೊಡ್ಡ ಶತ್ರುಗಳ ಎದುರು ಎಚ್ಚರಿಸಲು ಡೆಡ್ಲಿ ಬಾಸ್ ಮಾಡ್ಸ್, ಇನ್ನು ನಾಲ್ಕು ಚಿಲ್ಲರೆ. ಹುಡುಗರಿಗೆ ಒಂದು ಮಾತು. ಆಡ್‌ಆನ್ ಅಂದರೆ ಫೋಲ್ಡರಿಗೆ ಹಾಕುವ ಕಡತ ಅಷ್ಟೇ. ಹಾಕುವಾಗ ಮ್ಯಾಕ್‌ನ ಪಾಸ್‌ವರ್ಡ್ ಕೇಳಿದರೆ ಅದು ಆಡ್‌ಆನ್ ಅಲ್ಲ, ಬೇರೇನೋ. ಅಲ್ಲೇ ಮುಚ್ಚಿ.

ಮ್ಯಾಕ್‌ನಲ್ಲೇ ಗೇಮ್ ಮೋಡ್ ಅಂತ ಒಂದಿದೆ. 2023ರ ಸೊನೋಮಾ ಆವೃತ್ತಿಯಿಂದ ಬಂದದ್ದು. ಆಟವನ್ನು ಪೂರ್ತಿ ಪರದೆಗೆ ಹಿಗ್ಗಿಸಿದರೆ ತಾನೇ ಹತ್ತಿಕೊಂಡು ಚಿಪ್ಪಿನ ಕೆಲಸದಲ್ಲಿ ಆಟಕ್ಕೆ ಮೊದಲ ಸಾಲು ಕೊಡುತ್ತದೆ. ಕಿಟಕಿಯಲ್ಲಿ ಆಡಿದರೆ ಇಲ್ಲ. ಬ್ರೌಸರ್ ಮುಚ್ಚಿ. 8 ಜಿಬಿಯನ್ನೇ ಗ್ರಾಫಿಕ್ಸ್ ಕೂಡ ಹಂಚಿಕೊಳ್ಳಬೇಕು.

ಕಾಲು ಗಂಟೆ ನಿಂತ ಮೇಲೂ ಈಗ ಹರಾಜುಕಟ್ಟೆಯಲ್ಲಿ 40 ಕದಲುವುದಿಲ್ಲ. ಖರ್ಚು ಸೊನ್ನೆ. ಹೊಸ ಜಾಲರಿಯ 140 ರೂಪಾಯಿ ಬಿಟ್ಟು.

ಇವುಗಳಿಂದ ಸರಿಹೋಗದ್ದು ಒಂದಿದೆ, ಅದನ್ನೂ ಹೇಳಬೇಕು. ಚಿತ್ರ ತಡೆಯುವುದು ಬೇರೆ, ಒತ್ತಿದ್ದು ತಡವಾಗಿ ತಲುಪುವುದು ಬೇರೆ. ನಾವು ಆಡುವ ಸರ್ವರ್ ಆಸ್ಟ್ರೇಲಿಯಾದಲ್ಲಿದೆ. ಇಲ್ಲಿಂದ ಸುಮಾರು 9,000 ಕಿಲೋಮೀಟರ್. ಇಂಟರ್‌ನೆಟ್ ಕೇಬಲ್‌ನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ದಾರಿ ಇದ್ದರೂ ಹೋಗಿ ಬರಲು 90 ಮಿಲಿಸೆಕೆಂಡ್ ಬೇಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನನಗೆ ಸಿಗುವುದು 180ರ ಆಸುಪಾಸು. ನೆರಳು ಇಳಿಸಿದರೂ ಹೊಸ ಲ್ಯಾಪ್‌ಟಾಪ್ ತಂದರೂ ಇದು ಬದಲಾಗುವುದಿಲ್ಲ. ವೈಫೈ ಬಿಟ್ಟು ರೌಟರ್‌ನಿಂದ ತಂತಿ ಎಳೆದ ಮೇಲೆ ಏರಿಳಿತ ನಿಂತಿತು, ಅಷ್ಟೆ. 180 ಆದರೂ ಒಂದೇ ಸಮ ಇದ್ದರೆ ಕೈ ಒಗ್ಗಿಕೊಳ್ಳುತ್ತದೆ.

ಆ ಓದುಗರಿಗೆ ನಿಮ್ಮ ಅಂಕಣದಲ್ಲಿ ಇನ್ನೊಂದು ಸಲ ಉತ್ತರ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಮೊದಲು ಅವರನ್ನು ಕೇಳಿ: ಆಟ ಯಾವುದು, ಯಂತ್ರ ಯಾವ ವರ್ಷದ್ದು, ತಡೆಯುವುದು ಮೊದಲ ನಿಮಿಷದಿಂದಲೋ ಹತ್ತು ನಿಮಿಷ ಆದ ಮೇಲೋ, ಜನ ಇರುವಲ್ಲೋ ಇಲ್ಲದಲ್ಲೋ. ಆಮೇಲೂ ಹೊಸ ಲ್ಯಾಪ್‌ಟಾಪೇ ಬೇಕು ಅನ್ನಿಸಿದರೆ ಬರೆಯಿರಿ, ನನ್ನದೇನೂ ತಕರಾರಿಲ್ಲ. ಇನ್ನೂ ಬರೆಯಬಹುದಿತ್ತು, ಗಂಟೆ ಐದಕ್ಕೆ ಹತ್ತು ನಿಮಿಷ ಇದೆ. ಜಾಲರಿ ಹುಡುಕಬೇಕು, ಮನೆಯವರು ಮತ್ತೆ ಎಲ್ಲೋ ಎತ್ತಿಟ್ಟಿದ್ದಾರೆ.

ಇತಿ,
ನಿವೃತ್ತ ಮೆಕ್ಯಾನಿಕ್, ಗುತ್ತಲು, ಮಂಡ್ಯ