ಗೆಳೆಯನಿಗೊಂದು ಪತ್ರ: ಒಂದು ಮೊಳ ಆಳದ ಮರಳು

ಪ್ರಿಯ ಗೆಳೆಯ,

ಕೊನೆಯ ಕೊಯ್ಲಿನ ಅಡಿಕೆ ಅಟ್ಟದ ಮೇಲೆ ಒಣಗುತ್ತಿದೆ, ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ನಾನು ನಿನಗೆ ಬರೆಯಲು ಕುಳಿತಿದ್ದೇನೆ. ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಬೇಸರಿಸಬೇಡ. ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು ಹೇಗೆ ನಡೆದಿದೆ ಎಂದು ಕೇಳುತ್ತಿರುವವನು ನೀನೊಬ್ಬನೇ ಅಲ್ಲ.

ಅವಳು ತನ್ನ ಮೊದಲ ಸಂಶೋಧನೆ ಮುಗಿಸಿದ್ದಾಳೆ. ವಿಷಯ ಕಡಲಾಮೆ. ಘಟ್ಟದ ಮೇಲೆ ಬೆಳೆಯುವವಳಿಗೆ ಕಡಲಿನ ಪ್ರಾಣಿ ಯಾಕೆಂದು ನಾನೂ ಕೇಳಿದ್ದೆ. ಅಂಬುತೀರ್ಥದಲ್ಲಿ ಹುಟ್ಟಿ, ನಮ್ಮ ಹೊಸನಗರದ ಸೀಮೆಯನ್ನು ಹಾದು, ಲಿಂಗನಮಕ್ಕಿಯಲ್ಲಿ ತಂಗಿ, ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದಲ್ಲ, ಆ ಅಳಿವೆಯ ಬದಿಯ ಕಾಸರಕೋಡಿನ ಟೊಂಕ ಎಂಬ ದಡದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ‘ನಮ್ಮ ಹೊಳೆ ಹೋಗುವ ಊರಿನ ಆಮೆ ಅಪ್ಪಯ್ಯ’ ಎಂದಳು. ಅದಕ್ಕಿಂತ ಒಳ್ಳೆಯ ಕಾರಣ ನನಗೂ ಹೊಳೆಯಲಿಲ್ಲ.

ತಾಯಿ ಆಮೆ ರಾತ್ರಿ ದಡಕ್ಕೆ ಬಂದು, ಹಿಂಗಾಲಿನಿಂದ ಹೆಚ್ಚುಕಡಿಮೆ ಒಂದು ಮೊಳ ಆಳದ ಗುಳಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ತನ್ನ ಮೈಯನ್ನೇ ಬಡಿದು ಅದನ್ನು ಗಟ್ಟಿಮಾಡಿ ಸಮುದ್ರಕ್ಕೆ ಮರಳುತ್ತದೆ. ಆ ಗೂಡಿನ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಗಡಿ ಇರುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್ ಆಚೀಚೆ. ಅದಕ್ಕಿಂತ ಬಿಸಿಯಾದಂತೆ ಹೆಣ್ಣು ಹೆಚ್ಚು, ತಂಪಾದಂತೆ ಗಂಡು ಹೆಚ್ಚು. ಇದನ್ನು ಓದಿದವಳು ನೇರ ಅಡುಗೆಮನೆಗೆ ಬಂದು, ‘ಬಿಸಿಲು ಹೀಗೇ ಏರಿದರೆ ಮುಂದೆ ಅಪ್ಪ ಆಮೆಗಳು ಎಲ್ಲಿಂದ ಬರಬೇಕು?’ ಎಂದು ಕೇಳಿದಳು.

ಕೊಟ್ಟಿಗೆ ಕಟ್ಟಿಸಿದಾಗ ಉಳಿದ ಹೊಳೆಮರಳಿನಿಂದ ಪ್ರಯೋಗ ಶುರುವಾಯಿತು. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ ಮರಳು ತುಂಬಿ, ಒಂದು ಮೊಳ ಉದ್ದದ ವಾಟೆಬಿದಿರಿನ ಕೊಳವೆ ಹುಗಿದು, ಗಾಜಿನ ಉಷ್ಣಮಾಪಕವನ್ನು ದಾರಕ್ಕೆ ಕಟ್ಟಿ ಅದರೊಳಗೆ ಇಳಿಬಿಟ್ಟಳು. ಮೇಲೆತ್ತಿದ ಕೂಡಲೇ ಹೊರಗಿನ ಗಾಳಿ ತಾಗಿ ಅಂಕಿ ಬದಲಾಗುವುದರಿಂದ, ಉಸಿರು ಬಿಗಿಹಿಡಿದು, ಕಣ್ಣನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದು ಓದುತ್ತಿದ್ದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಹನ್ನೆರಡು ದಿನ. ಬರಿಗಾಲಿಡಲಾಗದಷ್ಟು ಮೇಲಿನ ಮರಳು ಕಾಯುತ್ತಿದ್ದ ನಡುಮಧ್ಯಾಹ್ನದಲ್ಲೂ ಕೆಳಗಿನ ಅಂಕಿ 27 ಮತ್ತು 28ರ ನಡುವೆಯೇ ಇತ್ತು. ‘ಒಂದು ಮೊಳ ಕೆಳಗೆ ಹಗಲು ರಾತ್ರಿ ಇಲ್ಲ’ ಎಂದು ಅವಳು ಬರೆದುಕೊಂಡ ಸಂಜೆ ನಾನು ಎಷ್ಟು ಹಿಗ್ಗಿದೆನೆಂದರೆ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ.

ಇಷ್ಟಕ್ಕೆ ನಿಲ್ಲಿಸಬೇಕೆಂದಿದ್ದೆ. ಆದರೆ ಏಳನೆಯ ದಿನ ಅವಳಿಗೆ ಜ್ವರ ಬಂದಿತ್ತು, ಅವಳ ಅಳತೆಯ ಪುಸ್ತಕದಲ್ಲಿ ಆ ದಿನದ ಸಾಲಿನ ಮೂರು ಅಂಕಣಗಳೂ ಖಾಲಿ ಇದ್ದವು. ಮಾರನೆಯ ದಿನ ನೆಂಟರು ಬರುವವರಿದ್ದರು, ಮಗುವಿನ ಭವಿಷ್ಯ ಹಾಳಾಯಿತೆಂದು ಮದುವೆಮನೆಯ ಪಂಕ್ತಿಯಲ್ಲೇ ಎಲ್ಲರ ಎದುರು ಹೇಳಿದವರು. ಅವರ ಕೈಗೆ ಈ ಪುಸ್ತಕವನ್ನು ಕೊಡಬೇಕೆಂಬ ಆಸೆ ನನಗಿತ್ತು. ರಾತ್ರಿ ಅವಳ ಪೆನ್ಸಿಲ್ಲಿನಿಂದಲೇ, ಅವಳ ದುಂಡು ಅಕ್ಷರವನ್ನೇ ಹೋಲುವಂತೆ, 27, 28, 28 ಎಂದು ತುಂಬಿದೆ. ಲೋಲಕದ ಪ್ರಯೋಗಕ್ಕೆ ನಾವಿಬ್ಬರೂ ಗುರುತ್ವದ ಉತ್ತರ 9.8 ಬರುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿ ರೆಕಾರ್ಡ್ ಪುಸ್ತಕ ತುಂಬಿದ್ದು ನಿನಗೆ ನೆನಪಿದೆಯಲ್ಲವೆ? ಅದೇ ಕೈ. ಇಂಥದ್ದನ್ನು ಅವಳು ಕಲಿಯಬಾರದೆಂದೇ ಶಾಲೆ ಬಿಡಿಸಿದ್ದೇನೆ ಎಂದು ನಿನ್ನೆದುರು ಗಂಟೆಗಟ್ಟಲೆ ವಾದಿಸಿದ್ದವನೂ ನಾನೇ.

ಬೆಳಿಗ್ಗೆ ಅವಳು ನೋಡಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ‘ಅಪ್ಪಯ್ಯ, ಇದನ್ನು ನಾನು ಅಳೆದಿಲ್ಲ’ ಎಂದು ರಬ್ಬರಿನಿಂದ ಒಂದೊಂದಾಗಿ ಅಳಿಸಿ, ‘ಜ್ವರ, ಅಳೆದಿಲ್ಲ’ ಎಂದು ಬರೆದಳು. ಅಳಿಸಿದ ಗುರುತು ಹಾಳೆಯ ಮೇಲೆ ಹಾಗೇ ಉಳಿದಿದೆ. ನೆಂಟರು ಬಂದರು, ಪುಸ್ತಕ ನೋಡಿದರು, ಅದೇ ಸಾಲನ್ನೇ ಓದಿ ಸುಮ್ಮನಾದರು. ಆ ಮೌನ ಏನೆಂದು ನಾನು ಯೋಚಿಸುತ್ತಲೇ ಇದ್ದೇನೆ. ಅವಳಿಗಾಗಿ ಮಾಡಿದೆನೆಂದುಕೊಂಡಿದ್ದರಲ್ಲಿ ನನ್ನ ಹಟ ಎಷ್ಟಿತ್ತು, ಅವಳ ಹಿತ ಎಷ್ಟಿತ್ತು ಎಂದು ಬಿಡಿಸಿ ನೋಡಲು ಇಂದಿಗೂ ಭಯವಾಗುತ್ತದೆ, ಮಾರಾಯ.

ಇರಲಿ, ಸಾಕು. ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಹೊನ್ನಾವರಕ್ಕೆ ಹೋಗೋಣವೆಂದಿದ್ದೇವೆ, ನೀನೂ ಬಾ. ಬೇಲಿ ಕಟ್ಟಿದ ಗೂಡಿನ ಹತ್ತಿರ ಯಾರೂ ಹೋಗಕೂಡದು, ದೂರದ ಬರಿಯ ಮರಳಿನಲ್ಲಿ ಅಳೆದರೆ ಸಾಕು ಎಂದು ಅವಳೇ ಈಗಾಗಲೇ ನಿಯಮ ಮಾಡಿಟ್ಟಿದ್ದಾಳೆ. ನಮ್ಮ ಅಂಗಳದ ಮರಳು ಬೇರೆ, ಕಡಲಿನದು ಬೇರೆ ಎಂಬುದು ಅವಳ ವಾದ. ಶಿವಮೊಗ್ಗದಲ್ಲಿ ಸಿಕ್ಕಿದರೆ ಉದ್ದ ಕಡ್ಡಿಯ ಉಷ್ಣಮಾಪಕವೊಂದನ್ನು ತಾ. ವಾಟೆಯ ಕೊಳವೆ ಬಿರುಕು ಬಿಟ್ಟಿದೆ.

ನಿನ್ನ
ಗೆಳೆಯ